ಬೆಳಗಿನ ಸಕ್ಕರೆ ಎಲ್ಲಿಂದ ಬಂತು?

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನದಿಂದ ನನ್ನ ಸೋದರಮಾವ ರಾತ್ರಿ ಅನ್ನ ಬಿಟ್ಟರು. ಎರಡು ಚಪಾತಿ, ಒಂದಿಷ್ಟು ಪಲ್ಯ, ಅಷ್ಟೇ. ಎಂಟು ಗಂಟೆಗೆಲ್ಲ ಊಟ ಮುಗಿಸಿಬಿಡುತ್ತಿದ್ದರು. ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದರೆ, ರಿಪೋರ್ಟಿನಲ್ಲಿ ಮತ್ತೆ 160ರ ಮೇಲಿನದೇ ಸಂಖ್ಯೆ. ಒಂದು ದಿನ ಆ ಚೀಟಿಯನ್ನು ನನ್ನ ಮುಂದೆ ಹಿಡಿದು ಕೇಳಿದರು: "ರಾತ್ರಿಯಿಂದ ಒಂದು ಗುಟುಕು ಹಾಲೂ ಮುಟ್ಟಿಲ್ಲ ಕಣೋ. ಈ ಸಕ್ಕರೆ ಎಲ್ಲಿಂದ ಬಂತು, ನೀನೇ ಹೇಳು."

ಅವತ್ತು ನನಗೆ ಸರಿಯಾಗಿ ಹೇಳಲಾಗಲಿಲ್ಲ. ಸಕ್ಕರೆ ಕಾಯಿಲೆಯೆಂದರೆ ಸಿಹಿ ತಿನ್ನುವುದರಿಂದ ಬರುವ, ಸಿಹಿ ಬಿಟ್ಟರೆ ಹತೋಟಿಗೆ ಬರುವ ಕಾಯಿಲೆ ಎಂದು ನಾನೂ ಅಂದುಕೊಂಡಿದ್ದೆ. ಹಾಗಿದ್ದರೆ ಹತ್ತು ಗಂಟೆ ಹೊಟ್ಟೆ ಖಾಲಿ ಇಟ್ಟವರ ರಕ್ತದಲ್ಲಿ ಸಕ್ಕರೆ ಇಳಿದಿರಬೇಕಿತ್ತು. ಇಳಿದಿರಲಿಲ್ಲ. ಮಾವನ ಪ್ರಶ್ನೆಯನ್ನು ಹಿಡಿದು ಹೊರಟರೆ, ಕಡಿಮೆ ಉಣ್ಣುವುದಕ್ಕೂ ಇನ್ಸುಲಿನ್ನಿಗೂ ಏನು ಸಂಬಂಧ ಎನ್ನುವಲ್ಲಿಗೇ ಹೋಗಿ ಮುಟ್ಟುತ್ತೇವೆ.

ಇದೇ ಪ್ರಶ್ನೆಯನ್ನು ಫ್ರಾನ್ಸಿನ ಶರೀರ ವಿಜ್ಞಾನಿ ಕ್ಲೋಡ್ ಬರ್ನಾರ್ಡ್ ನೂರೆಪ್ಪತ್ತು ವರ್ಷಗಳ ಹಿಂದೆ ಕೇಳಿಕೊಂಡಿದ್ದರು. ಸಕ್ಕರೆಯನ್ನು ಗಿಡಮರಗಳು ಮಾತ್ರ ತಯಾರಿಸಬಲ್ಲವು, ಪ್ರಾಣಿಗಳ ರಕ್ತದಲ್ಲಿರುವುದೆಲ್ಲ ತಿಂದ ಆಹಾರದಿಂದಲೇ ಬಂದದ್ದು ಎಂಬುದು ಆಗಿನ ನಂಬಿಕೆ. 1855ರಲ್ಲಿ ಬರ್ನಾರ್ಡ್ ಸತ್ತ ಪ್ರಾಣಿಯೊಂದರ ಯಕೃತ್ತನ್ನು ಹೊರತೆಗೆದು, ಅದರ ರಕ್ತನಾಳಗಳೊಳಗೆ ನೀರು ಹಾಯಿಸಿ, ಸಕ್ಕರೆಯ ಸುಳಿವೇ ಇಲ್ಲದಂತೆ ತೊಳೆದಿಟ್ಟರು. ಮರುದಿನ ನೋಡಿದರೆ ಅದೇ ಯಕೃತ್ತಿನಲ್ಲಿ ಮತ್ತೆ ಸಕ್ಕರೆ! ಊಟವಿಲ್ಲ, ರಕ್ತವಿಲ್ಲ, ಜೀವವೂ ಇಲ್ಲ. ಆದರೂ ಆ ಮಾಂಸದ ಮುದ್ದೆ ಸಕ್ಕರೆಯನ್ನು ಹೊರಹಾಕಿತ್ತು. ಎರಡು ವರ್ಷಗಳ ನಂತರ ಅವರು ಆ ಸಕ್ಕರೆಯ ಮೂಲವಾದ ಗ್ಲೈಕೊಜೆನ್ನನ್ನು ಬೇರ್ಪಡಿಸಿ ತೋರಿಸಿದರು.

ಮಾವನ ಬೆಳಗಿನ ಸಕ್ಕರೆ ಬಂದದ್ದು ಅಲ್ಲಿಂದಲೇ, ಯಕೃತ್ತಿನಿಂದ.

ಬಯಲುಸೀಮೆಯ ಹಳ್ಳಿಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಸುಗ್ಗಿಯಲ್ಲಿ ತುಂಬುವುದು, ಮಳೆಗಾಲದ ಕೊರತೆಯಲ್ಲಿ ತೆಗೆಯುವುದು. ಯಕೃತ್ತು ದೇಹದ ಹಗೇವು. ಉಂಡ ಮೇಲೆ ರಕ್ತಕ್ಕೆ ಬಂದ ಗ್ಲೂಕೋಸಿನ ಒಂದು ಭಾಗವನ್ನು ಅದು ಗ್ಲೈಕೊಜೆನ್ ರೂಪದಲ್ಲಿ ಕಟ್ಟಿಡುತ್ತದೆ. ಹಿಡಿಸುವುದು ಸುಮಾರು 100 ಗ್ರಾಂ. ರಾತ್ರಿ ನಾವು ಮಲಗಿದಾಗ ಅದನ್ನೇ ಬಿಚ್ಚಿ, ಸಾಲದೆ ಬಂದರೆ ಹೊಸದಾಗಿ ತಯಾರಿಸಿ, ರಕ್ತಕ್ಕೆ ಬಿಡುತ್ತದೆ. ಬಿಡದೆ ಇದ್ದರೆ ನಾವು ಬೆಳಿಗ್ಗೆ ಏಳುತ್ತಿರಲಿಲ್ಲ, ಏಕೆಂದರೆ ನಿದ್ದೆಯಲ್ಲೂ ಮಿದುಳಿಗೆ ಗಂಟೆಗೆ ಸುಮಾರು 5 ಗ್ರಾಂ ಗ್ಲೂಕೋಸ್ ಬೇಕು. ದೇಹದ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸೂ ಅಷ್ಟೇ, ಒಂದು ಟೀ ಚಮಚದಷ್ಟು. ಎಪ್ಪತ್ತು ಕೆಜಿ ತೂಕದವರ ಯಕೃತ್ತು ರಾತ್ರಿಯಿಡೀ ಗಂಟೆಗೆ ಎಂಟು ಗ್ರಾಂನಷ್ಟು ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ. ಒಂದು ಚಮಚದ ಮಟ್ಟ ಕಾಯಬೇಕಾದ ಜಾಗಕ್ಕೆ ರಾತ್ರಿಯೊಂದರಲ್ಲೇ ಹನ್ನೆರಡು ಚಮಚ ಬಂದು ಖರ್ಚಾಗುತ್ತದೆ ಎಂದರೆ, ಈ ಬಾಗಿಲನ್ನು ಎಷ್ಟು ನಾಜೂಕಾಗಿ ಕಾಯಬೇಕು ನೋಡಿ.

ಕಾಯುವುದು ಇನ್ಸುಲಿನ್. ಶಾಲೆಯ ಪುಸ್ತಕಗಳು ಇದನ್ನು ಬೀಗದ ಕೈಗೆ ಹೋಲಿಸುತ್ತವೆ. ಜೀವಕೋಶದ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆ ಬಿಡುವ ಕೀಲಿ ಎಂದು. ಸ್ನಾಯುಗಳ ಮಟ್ಟಿಗೆ ಅದು ಸರಿ. ಯಕೃತ್ತಿನ ಬಾಗಿಲುಗಳಾದರೋ ಸದಾ ತೆರೆದೇ ಇರುತ್ತವೆ. ಅಲ್ಲಿ ಇನ್ಸುಲಿನ್ ಮಾಡುವ ಕೆಲಸ "ಸಾಕು, ಇನ್ನು ಬಿಡಬೇಡ" ಎಂದು ಹೇಳುವುದು. ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳಿಂದ ಹೊರಟ ಇನ್ಸುಲಿನ್ ದೇಹದ ಬೇರೆಲ್ಲ ಅಂಗಗಳಿಗಿಂತ ಮೊದಲು ಯಕೃತ್ತನ್ನೇ ಮುಟ್ಟುತ್ತದೆ. ರಕ್ತನಾಳದ ದಾರಿಯೇ ಹಾಗಿದೆ. ಆ ಮಾತು ಕೇಳಿಸಿಕೊಂಡ ಯಕೃತ್ತು ಹಗೇವಿನ ಬಾಯಿ ಮುಚ್ಚುತ್ತದೆ. ಕೀಲಿಯ ಹೋಲಿಕೆಯಿಂದ ಈ ಅರ್ಧ ಕಥೆ ಬಿಟ್ಟೇ ಹೋಗಿದೆ, ಮತ್ತು ನನ್ನ ಪ್ರಕಾರ ಬಿಟ್ಟುಹೋದದ್ದೇ ಮುಖ್ಯವಾದ ಅರ್ಧ.

ಏಕೆಂದರೆ ಟೈಪ್ 2 ಮಧುಮೇಹದಲ್ಲಿ ಯಕೃತ್ತಿನ ಕಿವಿ ಮಂದವಾಗಿರುತ್ತದೆ. ಇನ್ಸುಲಿನ್ ಬಂದು ಕೂಗುತ್ತಿದ್ದರೂ ಅದು ಸಕ್ಕರೆ ಬಿಡುವುದನ್ನು ನಿಲ್ಲಿಸುವುದಿಲ್ಲ. ರಾತ್ರಿ ಉಪವಾಸವಿದ್ದರೂ ಬೆಳಿಗ್ಗೆ 160 ದಾಟುವುದು ಹೀಗೆ.

ಕಿವಿ ಮಂದವಾದದ್ದು ಏಕೆ? ಹಗೇವಿಗೆ ಒಂದು ಮಿತಿಯಿದೆ ಎಂದೆನಲ್ಲ, ಅಲ್ಲಿಗೇ ಹಿಂತಿರುಗಬೇಕು. ನಿತ್ಯವೂ ಖರ್ಚಿಗಿಂತ ಹೆಚ್ಚು ಉಣ್ಣುತ್ತಾ ಹೋದರೆ, ಕಟ್ಟಿಡಲು ಜಾಗವಿಲ್ಲದ ಗ್ಲೂಕೋಸನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ಆ ಕೆಲಸಕ್ಕೆ ಉತ್ತೇಜನ ಕೊಡುವುದೂ ಇನ್ಸುಲಿನ್ನೇ. ಬೇರೆಡೆಯಿಂದ ಹರಿದು ಬರುವ ಕೊಬ್ಬು ಬೇರೆ ಸೇರಿಕೊಳ್ಳುತ್ತದೆ. ಹೀಗೆ ಕೊಬ್ಬು ತುಂಬಿದ ಯಕೃತ್ತಿನ ಜೀವಕೋಶಗಳಲ್ಲಿ ಇನ್ಸುಲಿನ್ನಿನ ಸಂದೇಶ ಒಳಗೆ ದಾಟುವಲ್ಲೇ ತಡೆಯುಂಟಾಗುತ್ತದೆ. ಸಂದೇಶ ಮುಟ್ಟದೆ ಸಕ್ಕರೆ ಹೆಚ್ಚುತ್ತದೆ, ಸಕ್ಕರೆ ಹೆಚ್ಚಿತೆಂದು ಬೀಟಾ ಕೋಶಗಳು ಇನ್ನಷ್ಟು ಇನ್ಸುಲಿನ್ ಕಳಿಸುತ್ತವೆ, ಹೆಚ್ಚಿದ ಇನ್ಸುಲಿನ್ ಇನ್ನಷ್ಟು ಕೊಬ್ಬು ಕಟ್ಟಿಸುತ್ತದೆ. ಗಾಣದೆತ್ತು ಸುತ್ತಿದ ಹಾಗೆ ವರ್ಷಗಟ್ಟಲೆ ಇದು ಸುತ್ತುತ್ತದೆ, ಹೊರಗೆ ಯಾರಿಗೂ ಕಾಣಿಸದೆ. ಆಗ ರಕ್ತದಲ್ಲಿ ಇನ್ಸುಲಿನ್ ಕಡಿಮೆ ಇರುವುದಿಲ್ಲ, ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಮಧುಮೇಹವೆಂದರೆ ಇನ್ಸುಲಿನ್ ಕೊರತೆ ಎಂದಷ್ಟೇ ತಿಳಿದವರಿಗೆ ಇದನ್ನು ಒಪ್ಪುವುದು ಕಷ್ಟ.

ಯಕೃತ್ತು ತನ್ನಲ್ಲಿ ಹಿಡಿಸಲಾರದ ಕೊಬ್ಬನ್ನು ರಕ್ತಕ್ಕೆ ಸಾಗಹಾಕುತ್ತದೆ. ಅದು ಹೋಗಿ ಸೇರುವ ಜಾಗಗಳಲ್ಲಿ ಮೇದೋಜ್ಜೀರಕ ಗ್ರಂಥಿಯೂ ಒಂದು. ಅಲ್ಲಿನ ಬೀಟಾ ಕೋಶಗಳ ಮೇಲೆ ಕೊಬ್ಬಿನ ಹೊರೆ ಬಿದ್ದಾಗ ಅವು ಮಂಕಾಗುತ್ತವೆ. ಊಟವಾದ ಕೂಡಲೇ ಚಿಮ್ಮಬೇಕಾದ ಇನ್ಸುಲಿನ್ನಿನ ಮೊದಲ ಅಲೆ ಇಲ್ಲವಾಗುತ್ತದೆ. ಈಗ ಊಟದ ನಂತರದ ಸಕ್ಕರೆಯೂ ಏರತೊಡಗುತ್ತದೆ. ಡಾಕ್ಟರು "ನಿಮಗೆ ಶುಗರ್ ಇದೆ" ಎನ್ನುವುದು ಈ ಹಂತದಲ್ಲಿ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ 2008ರಲ್ಲಿ ಈ ಎರಡು ಸುತ್ತುಗಳನ್ನು ಒಂದಕ್ಕೊಂದು ಜೋಡಿಸಿ ಅವಳಿ ಚಕ್ರಗಳ ಸಿದ್ಧಾಂತವನ್ನು ಮುಂದಿಟ್ಟರು. ಒಂದು ಚಕ್ರ ಯಕೃತ್ತಿನದು, ಇನ್ನೊಂದು ಮೇದೋಜ್ಜೀರಕದ್ದು. ಅವರ ವಾದ ನಿಜವಾದರೆ ಅದರಿಂದ ಒಂದು ದಿಟ್ಟ ತೀರ್ಮಾನ ಹೊರಡುತ್ತದೆ: ಆಹಾರವನ್ನು ಗಣನೀಯವಾಗಿ ಇಳಿಸಿದರೆ ಚಕ್ರಗಳು ಹಿಮ್ಮುಖವಾಗಿ ತಿರುಗಬೇಕು. ಜೀವನಪರ್ಯಂತದ ಕಾಯಿಲೆ ಎಂದು ಎಲ್ಲ ಪಠ್ಯಗಳಲ್ಲೂ ಬರೆದದ್ದು ಹಿಂದಕ್ಕೆ ಸರಿಯಬೇಕು.

ಕಡಿಮೆ ಉಂಡರೆ ಸಕ್ಕರೆ ಇಳಿಯುತ್ತದೆ ಎಂಬುದು ಹೊಸ ಮಾತೇನಲ್ಲ. 1870ರ ಸೆಪ್ಟೆಂಬರಿನಿಂದ ನಾಲ್ಕು ತಿಂಗಳು ಪ್ರಷ್ಯದ ಸೈನ್ಯ ಪ್ಯಾರಿಸ್ಸನ್ನು ಮುತ್ತಿದಾಗ ಊರಿಗೆ ಊರೇ ಅರೆಹೊಟ್ಟೆಯಲ್ಲಿತ್ತು. ಅಪೊಲಿನೇರ್ ಬುಷಾರ್ಡಾ ಎಂಬ ವೈದ್ಯರು ತಮ್ಮ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಮಾಯವಾಗುತ್ತಿದ್ದುದನ್ನು ಆ ದಿನಗಳಲ್ಲಿ ಗಮನಿಸಿದರು. ಆದಷ್ಟು ಕಡಿಮೆ ಉಣ್ಣಿ ಎಂಬುದು ಅವರ ಉಪದೇಶವಾಯಿತು.

ಆದರೆ ಇದೇ ತಿಳಿವಳಿಕೆ ಮುಂದೆ ಒಂದು ದಾರುಣ ಅಧ್ಯಾಯಕ್ಕೂ ದಾರಿಯಾಯಿತು. ಇನ್ಸುಲಿನ್ ಇಲ್ಲದ ಕಾಲದಲ್ಲಿ ಅಮೆರಿಕದ ಫ್ರೆಡರಿಕ್ ಆಲನ್ ಮಕ್ಕಳ ಮಧುಮೇಹಕ್ಕೂ ಉಪವಾಸದ ಚಿಕಿತ್ಸೆಯನ್ನೇ ಕೊಟ್ಟರು. ಬೇರೆ ದಾರಿ ಇರಲಿಲ್ಲ. ಅಮೆರಿಕದ ಹೆಸರಾಂತ ರಾಜಕಾರಣಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್‌ಗೆ 11ನೇ ವಯಸ್ಸಿನಲ್ಲಿ ಕಾಯಿಲೆ ಪತ್ತೆಯಾಗಿ, ಮೂರು ವರ್ಷ ಆಲನ್ ಅವರ ಪಥ್ಯದಲ್ಲಿ ಜೀವ ಹಿಡಿದಿದ್ದಳು. 1922ರ ಆಗಸ್ಟಿನಲ್ಲಿ ಟೊರಾಂಟೋದ ಫ್ರೆಡರಿಕ್ ಬ್ಯಾಂಟಿಂಗ್ ಬಳಿ ಕರೆದೊಯ್ದಾಗ ಅವಳಿಗೆ ಹದಿನೈದು ತುಂಬುವುದರಲ್ಲಿತ್ತು, ತೂಕ ಮಾತ್ರ ಸುಮಾರು 20 ಕೆಜಿ. ಇನ್ಸುಲಿನ್ ಚುಚ್ಚುಮದ್ದು ಶುರುವಾದ ಮೇಲೆ ಅವಳು ಚೇತರಿಸಿಕೊಂಡು 1981ರವರೆಗೆ ಬಾಳಿದಳು. ಅವಳದು ಇಂದು ನಾವು ಟೈಪ್ 1 ಎನ್ನುವ ಮಧುಮೇಹ. ಅಲ್ಲಿ ಬೀಟಾ ಕೋಶಗಳೇ ನಾಶವಾಗಿರುತ್ತವೆ. ಹಸಿವಿನಿಂದ ಸಾವನ್ನು ಮುಂದೂಡಬಹುದಿತ್ತೇ ಹೊರತು ಕಾಯಿಲೆ ಗುಣವಾಗುವಂತಿರಲಿಲ್ಲ. ಎರಡು ಬಗೆಯ ಮಧುಮೇಹಗಳಿವೆ, ಒಂದರಲ್ಲಿ ಇನ್ಸುಲಿನ್ ಇಲ್ಲ, ಇನ್ನೊಂದರಲ್ಲಿ ಇದ್ದರೂ ನಾಟುವುದಿಲ್ಲ ಎಂಬುದನ್ನು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ 1936ರಲ್ಲಿ ಪ್ರಯೋಗದಿಂದ ತೋರಿಸಿದರು. ಈ ಅಧ್ಯಾಯದಲ್ಲಿ ಇಲ್ಲಿಂದ ಮುಂದೆ ಹೇಳುವ ಪ್ರತಿಯೊಂದು ಮಾತೂ ಟೈಪ್ 2ಕ್ಕೆ ಮಾತ್ರ ಸಂಬಂಧಿಸಿದ್ದು. ಟೈಪ್ 1 ಇರುವವರು ಇನ್ಸುಲಿನ್ ಬಿಟ್ಟು ಉಪವಾಸ ಮಾಡಿದರೆ ಪ್ರಾಣಕ್ಕೇ ಅಪಾಯ.

ಇನ್ಸುಲಿನ್ ಬಂತು, ಆಮೇಲೆ ಮಾತ್ರೆಗಳು ಬಂದವು, ಬುಷಾರ್ಡಾ ಮಾತು ಹಳತಾಯಿತು. ಅದನ್ನು ಮತ್ತೆ ನೆನಪಿಸಿದವರು ಶಸ್ತ್ರವೈದ್ಯರು. ವಿಪರೀತ ದಪ್ಪಗಿರುವವರಿಗೆ ಜಠರವನ್ನು ಕಿರಿದುಮಾಡಿ ಕರುಳನ್ನು ಬೇರೆ ದಾರಿಗೆ ಜೋಡಿಸುವ ಆಪರೇಷನ್ ಮಾಡಿದಾಗ, ಅವರಲ್ಲಿ ಮಧುಮೇಹವಿದ್ದವರ ಸಕ್ಕರೆ ಕೆಲವೇ ದಿನಗಳಲ್ಲಿ ಸರಿಹೋಗುತ್ತಿತ್ತು. ತೂಕ ಇನ್ನೂ ಹೆಚ್ಚೇನೂ ಇಳಿದಿರುತ್ತಿರಲಿಲ್ಲ. ಅಮೆರಿಕದ ವಾಲ್ಟರ್ ಪೋರೀಸ್ 1995ರಲ್ಲಿ ತಮ್ಮ ನೂರಾರು ರೋಗಿಗಳ ಇಂಥ ಲೆಕ್ಕ ಕೊಟ್ಟಾಗ ವೈದ್ಯಲೋಕ ಬೆರಗಾಯಿತು. ಕರುಳಿನ ಹಾರ್ಮೋನುಗಳು ಬದಲಾಗಿದ್ದೇ ಕಾರಣ ಎಂದು ಬಹಳ ಜನ ಹೇಳಿದರು. ಟೇಲರ್ ಅವರಿಗೆ ಹೊಳೆದದ್ದು ಇನ್ನೂ ಸರಳವಾದ ಸಂಗತಿ: ಆಪರೇಷನ್ ಆದ ರೋಗಿ ಆ ದಿನಗಳಲ್ಲಿ ಏನನ್ನೂ ತಿನ್ನುವುದಿಲ್ಲ! ಹಾಗಾದರೆ ಕತ್ತರಿಯಿಲ್ಲದೆಯೂ ಅದೇ ಫಲ ಸಿಗಬೇಕಲ್ಲ?

2011ರಲ್ಲಿ ಪ್ರಕಟವಾದ ಅವರ ಪ್ರಯೋಗ ಬಹಳ ಚಿಕ್ಕದು. ಟೈಪ್ 2 ಮಧುಮೇಹವಿದ್ದ 11 ಮಂದಿ. ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿ, ಅಂದರೆ ಸಾಮಾನ್ಯ ಊಟದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಪೌಷ್ಟಿಕಾಂಶ ಹೊಂದಿಸಿ ತಯಾರಿಸಿದ ಪೇಯ ಮತ್ತು ಒಂದಿಷ್ಟು ತರಕಾರಿ, ಬೇರೇನೂ ಇಲ್ಲ. ಮಾತ್ರೆಗಳನ್ನು ನಿಲ್ಲಿಸಲಾಗಿತ್ತು. ಎಂಆರ್‌ಐ ಯಂತ್ರದಿಂದ ಯಕೃತ್ತಿನಲ್ಲೂ ಮೇದೋಜ್ಜೀರಕದಲ್ಲೂ ಎಷ್ಟು ಕೊಬ್ಬಿದೆಯೆಂದು ಅಳೆಯುವ ವಿಧಾನವನ್ನು ತಂಡ ಸಿದ್ಧಪಡಿಸಿಕೊಂಡಿತ್ತು.

ಏಳನೆಯ ದಿನಕ್ಕೆ ಅವರ ಖಾಲಿಹೊಟ್ಟೆಯ ಸಕ್ಕರೆಯ ಸರಾಸರಿ ನಮ್ಮ ಲೆಕ್ಕದಲ್ಲಿ 166ರಿಂದ 106 ಮಿಲಿಗ್ರಾಂಗೆ ಇಳಿದಿತ್ತು. ಅದೇ ಒಂದು ವಾರದಲ್ಲಿ ಯಕೃತ್ತಿನ ಕೊಬ್ಬು ಶೇ 30ರಷ್ಟು ಕರಗಿತ್ತು, ಇನ್ಸುಲಿನ್ನಿನ ಮಾತು ಅದಕ್ಕೆ ಮತ್ತೆ ಕೇಳಿಸತೊಡಗಿತ್ತು. ಈ ಸಂಖ್ಯೆಗಳನ್ನು ಮೊದಲ ಬಾರಿ ಓದಿದಾಗ ನನಗೆ ಮಾವನ ಚೀಟಿ ನೆನಪಾಯಿತು. ಅವರದೂ ಅದೇ 160ರ ಆಸುಪಾಸು. ವರ್ಷಗಟ್ಟಲೆ ಮಾತ್ರೆ ನುಂಗಿದರೂ ಬಗ್ಗದ ಬೆಳಗಿನ ಸಕ್ಕರೆ ಏಳು ದಿನದಲ್ಲಿ ಬಗ್ಗಿತ್ತು.

ಯಕೃತ್ತು ಇಷ್ಟು ಬೇಗ ಸ್ಪಂದಿಸುವುದಕ್ಕೆ ಕಾರಣವಿದೆ. ಊಟ ಕಡಿಮೆಯಾದ ಮೊದಲ ದಿನಗಳಲ್ಲೇ ಗ್ಲೈಕೊಜೆನ್ ಹಗೇವು ಬರಿದಾಗತೊಡಗುತ್ತದೆ. ರಕ್ತದಲ್ಲಿ ಇನ್ಸುಲಿನ್ ಮಟ್ಟ ಇಳಿಯುತ್ತದೆ. ಇನ್ಸುಲಿನ್ ಇಳಿದೊಡನೆ ಹೊಸ ಕೊಬ್ಬು ಕಟ್ಟುವ ಕೆಲಸ ನಿಂತು, ಕೂಡಿಟ್ಟದ್ದನ್ನು ಉರಿಸುವ ಕೆಲಸ ಶುರುವಾಗುತ್ತದೆ. ದೇಹ ತುರ್ತು ಖರ್ಚಿಗೆ ಕೈಹಾಕುವುದು ಮೊದಲು ಯಕೃತ್ತಿನ ಕೊಬ್ಬಿಗೆ. ತೊಡೆ, ಸೊಂಟದ ಚರ್ಮದಡಿಯ ಕೊಬ್ಬು ನಿಧಾನವಾಗಿ ಕರಗುವಂಥದ್ದು, ಅದರ ಸರದಿ ಆಮೇಲೆ. ಹಾಗಾಗಿ ಕನ್ನಡಿಯಲ್ಲಿ ಏನೂ ಬದಲಾವಣೆ ಕಾಣದ ಹೊತ್ತಿಗೇ ಒಳಗೆ ದೊಡ್ಡ ಬದಲಾವಣೆ ನಡೆದುಹೋಗಿರುತ್ತದೆ.

ಮೇದೋಜ್ಜೀರಕದ ಕಥೆ ಹಾಗಲ್ಲ. ಅದು ಎಂಟು ವಾರವನ್ನೂ ತೆಗೆದುಕೊಂಡಿತು. ಯಕೃತ್ತಿನ ಕೊಬ್ಬು ಶೇ 12.8ರಿಂದ 2.9ಕ್ಕೆ ಕುಸಿದರೆ, ಮೇದೋಜ್ಜೀರಕದ್ದು ಶೇ 8ರಿಂದ 6.2ಕ್ಕೆ ಬಂತು. ಗ್ರಾಂ ಲೆಕ್ಕದಲ್ಲಿ ಇದು ಒಂದು ಗ್ರಾಂಗೂ ಕಡಿಮೆ ಎಂದು ಮುಂದಿನ ಅಧ್ಯಯನಗಳು ಹೇಳಿದವು. ಆ ಅಷ್ಟು ಕೊಬ್ಬು ಹೊರಬರಲು ಅವರು ಸರಾಸರಿ 15 ಕೆಜಿ ತೂಕ ಕಳೆದುಕೊಳ್ಳಬೇಕಾಯಿತು. ಅದು ಹೊರಬರುತ್ತಿದ್ದಂತೆ ಕಣ್ಮರೆಯಾಗಿದ್ದ ಇನ್ಸುಲಿನ್ನಿನ ಮೊದಲ ಅಲೆ ವಾರದಿಂದ ವಾರಕ್ಕೆ ಏರುತ್ತಾ, ಎಂಟನೇ ವಾರಕ್ಕೆ ಆರೋಗ್ಯವಂತರ ಮಟ್ಟದ ಹತ್ತಿರ ಬಂತು. ಬೀಟಾ ಕೋಶಗಳು ಸತ್ತಿರಲಿಲ್ಲ, ಹೊರೆಯ ಅಡಿಯಲ್ಲಿ ಮಂಕಾಗಿದ್ದವು. ಈ ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ತಟ್ಟಿದ ಸಂಗತಿ ಇದೇ.

ಹಾಗಾದರೆ ಸಕ್ಕರೆ ಇಳಿಸಿದ್ದು ಕಡಿಮೆ ಊಟವೋ, ಇಳಿದ ತೂಕವೋ? ಇದನ್ನು ಬಿಡಿಸಿ ನೋಡಿದವರು ಅಮೆರಿಕದ ರೀನಾ ವಿಂಗ್ ಮತ್ತು ಸಂಗಡಿಗರು. 1994ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಂದು ಗುಂಪು ದಿನಕ್ಕೆ 400 ಕ್ಯಾಲೊರಿ, ಇನ್ನೊಂದು 1000 ಕ್ಯಾಲೊರಿ ತಿಂದು, ಎರಡೂ ಗುಂಪಿನವರು ಒಂದೇ ಪ್ರಮಾಣದ ತೂಕ ಇಳಿಸಿಕೊಂಡರು. ತೂಕ ಸಮನಾಗಿ ಇಳಿದಿದ್ದರೂ 400ರ ಗುಂಪಿನ ಸಕ್ಕರೆ ಹೆಚ್ಚು ಇಳಿದಿತ್ತು. ಅದೇ ಗುಂಪಿಗೆ ಊಟವನ್ನು 1000ಕ್ಕೆ ಏರಿಸಿದಾಗ, ತೂಕ ಇನ್ನೂ ಇಳಿಯುತ್ತಿದ್ದರೂ ಸಕ್ಕರೆ ತುಸು ಮೇಲಕ್ಕೆ ಹೋಯಿತು. ಅಂದರೆ ಎರಡಕ್ಕೂ ಪಾತ್ರವಿದೆ. ಊಟದ ಇಳಿತ ಮೊದಲ ದಿನಗಳಲ್ಲೇ ಕೆಲಸ ಮಾಡುತ್ತದೆ. ಆ ಲಾಭವನ್ನು ಮುಂದಕ್ಕೂ ಉಳಿಸುವುದು ಇಳಿದು ನಿಂತ ತೂಕ. ಎರಡು ವಾರ ಪಥ್ಯ ಮಾಡಿ ಸಕ್ಕರೆ ಇಳಿಯಿತೆಂದು ಹಳೆಯ ಊಟಕ್ಕೆ ಮರಳಿದವರಿಗೆ ಮತ್ತೆ ಏರುವುದು ಇದರಿಂದ.

ಹನ್ನೊಂದು ಜನರ ಪ್ರಯೋಗದ ಮೇಲೆ ಚಿಕಿತ್ಸೆ ಕಟ್ಟಲಾಗದು. ಆದ್ದರಿಂದ ಟೇಲರ್, ಗ್ಲಾಸ್ಗೋದ ಮೈಕ್ ಲೀನ್ ಜೊತೆ ಸೇರಿ ಸ್ಕಾಟ್ಲೆಂಡ್ ಮತ್ತು ಟೈನ್‌ಸೈಡ್ ಪ್ರದೇಶದ 49 ಸಾಮಾನ್ಯ ಚಿಕಿತ್ಸಾಲಯಗಳಲ್ಲಿ 'ಡೈರೆಕ್ಟ್' ಎಂಬ ದೊಡ್ಡ ಅಧ್ಯಯನ ಕೈಗೊಂಡರು. ಸುಮಾರು 300 ಜನ, ಎಲ್ಲರಿಗೂ ಕಾಯಿಲೆ ಬಂದು ಆರು ವರ್ಷದೊಳಗೆ, ಯಾರೂ ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲ. ಅರ್ಧದಷ್ಟು ಮಂದಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಪೇಯಾಹಾರ, ಆಮೇಲೆ ನಿಧಾನವಾಗಿ ಮಾಮೂಲಿ ಊಟ. ಉಳಿದವರಿಗೆ ಎಂದಿನ ಚಿಕಿತ್ಸೆ. 2017ರಲ್ಲಿ ಬಂದ ಒಂದು ವರ್ಷದ ಫಲಿತಾಂಶ: ಪಥ್ಯದ ಗುಂಪಿನ ಶೇ 46 ಮಂದಿ ಯಾವ ಮಾತ್ರೆಯೂ ಇಲ್ಲದೆ ಮಧುಮೇಹದ ಗೆರೆಯಿಂದ ಕೆಳಗಿದ್ದರು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 4. ತೂಕ ಐದು ಕೆಜಿಯೊಳಗೆ ಇಳಿದವರಲ್ಲಿ ಶೇ 7 ಮಂದಿಗೆ, ಐದರಿಂದ ಹತ್ತು ಇಳಿದವರಲ್ಲಿ ಶೇ 34, ಹತ್ತರಿಂದ ಹದಿನೈದು ಇಳಿದವರಲ್ಲಿ ಶೇ 57, ಹದಿನೈದು ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ 86 ಮಂದಿಗೆ ಈ ಬಿಡುಗಡೆ ಸಿಕ್ಕಿತ್ತು.

ವೈದ್ಯರು ಇದನ್ನು ರೆಮಿಷನ್ ಎನ್ನುತ್ತಾರೆ, ನಾವು ಉಪಶಮನ ಎನ್ನಬಹುದು. ಗುಣವಾಯಿತು ಎಂಬ ಪದವನ್ನು ಅವರು ಬಳಸುವುದಿಲ್ಲ, ಬಳಸದಿರುವುದೇ ಸರಿ. ಔಷಧಿ ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಕಳೆದ ಮೇಲೂ ಸಕ್ಕರೆಯ ಸರಾಸರಿ ಮಟ್ಟ ತೋರಿಸುವ ಎಚ್‌ಬಿಎ1ಸಿ ಶೇ 6.5ಕ್ಕಿಂತ ಕೆಳಗಿದ್ದರೆ ಅದು ಉಪಶಮನ. ತೂಕ ಮರಳಿದರೆ ಕಾಯಿಲೆಯೂ ಮರಳುತ್ತದೆ. ಡೈರೆಕ್ಟ್ ಅಧ್ಯಯನದಲ್ಲೇ ಎರಡು ವರ್ಷಕ್ಕೆ ಉಪಶಮನದಲ್ಲಿದ್ದವರು ಶೇ 36ಕ್ಕೆ ಇಳಿದರು. ಐದು ವರ್ಷದವರೆಗೂ ಮುಂದುವರಿದ ಗುಂಪಿನಲ್ಲಿ ಶೇ 13 ಮಾತ್ರ ಉಳಿದರು. ಈ ಸಂಖ್ಯೆಯನ್ನು ಬಿಟ್ಟು ಮೊದಲ ವರ್ಷದ್ದನ್ನಷ್ಟೇ ಹೇಳುವ ಜಾಹೀರಾತುಗಳು ಈಗ ನಮ್ಮಲ್ಲೂ ಬಹಳವಾಗಿವೆ. ಹಾಗೆ ಹೇಳುವುದು ರೋಗಿಗೆ ಮಾಡುವ ಅನ್ಯಾಯ. ಕಳೆದ ತೂಕವನ್ನು ಮರಳದಂತೆ ಕಾಪಾಡುವುದು ತೂಕ ಇಳಿಸುವುದಕ್ಕಿಂತ ಕಷ್ಟದ ಕೆಲಸ, ಮತ್ತು ಅದಕ್ಕೆ ಮನೆಯವರ ನೆರವೂ ಬೇಕು.

"ನಾನೇನು ದಪ್ಪಗಿದ್ದೇನೆಯೇ?" ಇದು ಮಾವನ ಎರಡನೆಯ ಪ್ರಶ್ನೆ. ನಿಜ, ಅವರು ದಪ್ಪಗಿರಲಿಲ್ಲ. ಕೈಕಾಲು ಸಣ್ಣ, ಅಂಗಿಯ ಕೆಳಗೆ ಪುಟ್ಟದೊಂದು ಹೊಟ್ಟೆ. ನಮ್ಮಲ್ಲಿ ಮಧುಮೇಹವಿರುವ ಎಷ್ಟೋ ಜನರ ಮೈಕಟ್ಟು ಇದೇ. 2004ರಲ್ಲಿ ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ ತಮ್ಮಿಬ್ಬರ ಫೋಟೋವನ್ನೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಕ್ಕಪಕ್ಕ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಯಂತ್ರದಲ್ಲಿ ಅಳೆದಾಗ ಯಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತಕ್ಕಡಿಗೆ ಇಬ್ಬರೂ ಒಂದೇ, ಒಳಗೆ ಎರಡು ಪಟ್ಟಿಗೂ ಹೆಚ್ಚಿನ ಅಂತರ.

ಇದರ ಬೇರು ಗರ್ಭಕ್ಕೇ ಹೋಗುತ್ತದೆ ಎಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ ಒದಗಿಸಿದೆ. ಅಲ್ಲಿನ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನ ಮಾಡಿಟ್ಟಿತ್ತು. ಬ್ರಿಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು ಆ ದಾಖಲೆ ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸು ಮುಟ್ಟಿದವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಉದ್ದ ಕಡಿಮೆಯಿದ್ದು ದುಂಡಗಿದ್ದವರಲ್ಲಿ ಮುಂದೆ ಮಧುಮೇಹ ಹೆಚ್ಚು ಕಂಡಿತು. ಎಪ್ಪತ್ತು ಎಂಬತ್ತು ವರ್ಷದ ಹಿಂದೆ ಯಾರೋ ನರ್ಸ್ ಮಗುವನ್ನು ತೂಗಿ, ಅಳೆದು, ಪುಸ್ತಕದಲ್ಲಿ ಬರೆದಿಟ್ಟದ್ದು ಇಂದು ಜಗತ್ತಿನ ವಿಜ್ಞಾನಕ್ಕೆ ಆಧಾರವಾಗಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಚರ್ಮದಡಿಯಲ್ಲಿ ಸುರಕ್ಷಿತವಾಗಿ ಕೊಬ್ಬು ಇಟ್ಟುಕೊಳ್ಳುವ ಸಾಮರ್ಥ್ಯ ಒಬ್ಬೊಬ್ಬರಿಗೂ ಬೇರೆಬೇರೆ, ಅದನ್ನು ಮೀರಿದ್ದು ಯಕೃತ್ತಿಗೆ ಹರಿಯುತ್ತದೆ ಎಂದು ಟೇಲರ್ ವಾದಿಸುತ್ತಾರೆ. ಇಬ್ಬರು ಒಂದೇ ತೂಕದವರಿದ್ದು ಒಬ್ಬರಿಗೆ ಮಾತ್ರ ಕಾಯಿಲೆ ಬರುವುದು ಇದರಿಂದ. ಇದನ್ನು ಪರೀಕ್ಷಿಸಲು ಅವರು ದಪ್ಪಗಿಲ್ಲದ 20 ಮಧುಮೇಹಿಗಳನ್ನು ತೆಗೆದುಕೊಂಡು, 800 ಕ್ಯಾಲೊರಿಯ ಪಥ್ಯದಿಂದ ಹಂತಹಂತವಾಗಿ ತೂಕ ಇಳಿಸಿದರು. ಮೈತೂಕದ ಹತ್ತನೇ ಒಂದು ಭಾಗದಷ್ಟು ಕಳೆದಾಗ 14 ಮಂದಿ ಉಪಶಮನಕ್ಕೆ ಬಂದರು. ಅವರ ಯಕೃತ್ತಿನ ಕೊಬ್ಬು ಮೊದಲೇ ಹೆಚ್ಚಿರಲಿಲ್ಲ, ಆದರೆ ಅವರ ಮೈಗೆ ಅಷ್ಟೂ ಅತಿಯಾಗಿತ್ತು. ಇಪ್ಪತ್ತೊಂದನೇ ವಯಸ್ಸಿನ ಪ್ಯಾಂಟಿನ ಅಳತೆ ಈಗ ಹಿಡಿಸದಿದ್ದರೆ ನೀವು ಹೆಚ್ಚು ಕೊಬ್ಬು ಹೊತ್ತಿದ್ದೀರಿ ಎಂಬುದು ಟೇಲರ್ ಕೊಡುವ ಸುಲಭದ ಲೆಕ್ಕ. ಮಾವನ ಮದುವೆಯ ಫೋಟೋ ಇನ್ನೂ ಗೋಡೆಯ ಮೇಲಿದೆ. ಅದರಲ್ಲಿ ಆ ಪುಟ್ಟ ಹೊಟ್ಟೆ ಇಲ್ಲ.

ಇನ್ನು ಅವರ ಎರಡು ಚಪಾತಿಯ ವಿಚಾರ. ಅನ್ನ ಬಿಟ್ಟು ಚಪಾತಿ, ಅಕ್ಕಿ ಬಿಟ್ಟು ರಾಗಿ ಎನ್ನುವುದು ನಮ್ಮ ಮನೆಗಳಲ್ಲಿ ಮಧುಮೇಹದ ಮೊದಲ ಪಥ್ಯ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ, ಅಷ್ಟೇ ರಾಗಿ ಹಿಟ್ಟಿನಲ್ಲೂ ಗೋಧಿ ಹಿಟ್ಟಿನಲ್ಲೂ ಸುಮಾರು 320. ರಾಗಿಯ ನಾರಿನಂಶದಿಂದ ಅನುಕೂಲವಿದೆ, ಸಕ್ಕರೆ ರಕ್ತಕ್ಕೆ ಬರುವ ವೇಗ ತಗ್ಗಬಹುದು. ಆದರೆ ಎರಡು ದೊಡ್ಡ ಮುದ್ದೆ ಉಂಡರೆ ಯಕೃತ್ತಿನ ಲೆಕ್ಕದಲ್ಲಿ ದೊಡ್ಡ ಉಳಿತಾಯವೇನೂ ಆಗಿರುವುದಿಲ್ಲ. ಚಪಾತಿಗೆ ಸವರುವ, ಒಗ್ಗರಣೆಗೆ ಸುರಿಯುವ ಎಣ್ಣೆಯಂತೂ ಗ್ರಾಂಗೆ 9 ಕ್ಯಾಲೊರಿ. ಏಕಾದಶಿಯ ದಿನ ಅನ್ನ ಮುಟ್ಟದೆ ಅವಲಕ್ಕಿ ಒಗ್ಗರಣೆ, ಸಬ್ಬಕ್ಕಿ ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನ ತಿಂದರೆ, ವ್ರತ ನಡೆಯುತ್ತದೆ, ಯಕೃತ್ತಿಗೆ ಉಪವಾಸ ಸಿಗುವುದಿಲ್ಲ. ನಮ್ಮ ಹಿರಿಯರಲ್ಲಿ ಒಪ್ಪೊತ್ತು ಮಾಡುವವರಿದ್ದರು. ಆ ಒಂದು ಹೊತ್ತೂ ಮಿತವಾಗಿದ್ದರೆ ಅದು ನಿಜವಾದ ಕ್ಯಾಲೊರಿ ಇಳಿತ.

ಮಧುಮೇಹವಿಲ್ಲದವರಲ್ಲೂ ಇದೇ ದಿಕ್ಕಿನ ಬದಲಾವಣೆ ಕಂಡಿದೆ. ಅಮೆರಿಕದ 'ಕ್ಯಾಲರಿ' ಅಧ್ಯಯನದಲ್ಲಿ ಬೊಜ್ಜಿಲ್ಲದ ಇನ್ನೂರಕ್ಕೂ ಹೆಚ್ಚು ಆರೋಗ್ಯವಂತರು ಪಾಲ್ಗೊಂಡರು. ಊಟ ಇಳಿಸುವ ಗುಂಪಿನವರು ಎರಡು ವರ್ಷ ಶೇ 25ರಷ್ಟು ಇಳಿಸಬೇಕಿತ್ತು, ಸಾಧ್ಯವಾದದ್ದು ಶೇ 12ರಷ್ಟು. ಅಷ್ಟಕ್ಕೇ ಅವರ ದೇಹ ಇನ್ಸುಲಿನ್ನಿಗೆ ಇನ್ನಷ್ಟು ಚೆನ್ನಾಗಿ ಸ್ಪಂದಿಸಿತು. ದಿನದ ಊಟದಲ್ಲಿ ಎಂಟರಲ್ಲೊಂದು ಪಾಲು ಕಡಿಮೆ, ಅದು ಯಾರ ಕೈಗೂ ಎಟುಕದ ಗುರಿಯಲ್ಲ.

ಆದರೆ ಔಷಧಿ ತೆಗೆದುಕೊಳ್ಳುತ್ತಿರುವವರು ಈ ಅಧ್ಯಾಯ ಓದಿ ನಾಳೆಯಿಂದಲೇ ಊಟ ಇಳಿಸಬಾರದು. ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರು ಹಾಗೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಯ ಜೊತೆ ಕಠಿಣ ಉಪವಾಸ ಮಾಡಿದರೆ ರಕ್ತ ಆಮ್ಲೀಯವಾಗುವ ಅಪಾಯವಿದೆ. ರಕ್ತದೊತ್ತಡವೂ ಇಳಿಯುವುದರಿಂದ ಬಿಪಿ ಮಾತ್ರೆಯನ್ನೂ ಹೊಂದಿಸಬೇಕಾಗುತ್ತದೆ. ಡೈರೆಕ್ಟ್ ಅಧ್ಯಯನದಲ್ಲಿ ಸಕ್ಕರೆ, ಬಿಪಿ ಎರಡರ ಮಾತ್ರೆಗಳನ್ನೂ ಮೊದಲ ದಿನವೇ ವೈದ್ಯರು ನಿಲ್ಲಿಸಿ ನಿಗಾ ಇಟ್ಟಿದ್ದರು. ಗರ್ಭಿಣಿಯರಿಗೆ, ಬೆಳೆಯುವ ಮಕ್ಕಳಿಗೆ, ಸೊರಗಿದ ವೃದ್ಧರಿಗೆ ಈ ಮಾರ್ಗ ಸಲ್ಲದು.

ಮಾವನಿಗೆ ಇದೆಲ್ಲ ಹೇಳುವಷ್ಟು ನನಗೆ ತಿಳಿಯುವ ಹೊತ್ತಿಗೆ ಅವರ ಕಾಯಿಲೆಗೆ ಹದಿನಾಲ್ಕು ವರ್ಷವಾಗಿತ್ತು. ವೈದ್ಯರ ಸಲಹೆಯಂತೆ ಊಟ ಇಳಿಸಿ ಏಳು ಕೆಜಿ ಕಳೆದರು. ಮೂರು ಮಾತ್ರೆ ಒಂದಾಯಿತು, ಪೂರ್ತಿ ನಿಲ್ಲಲಿಲ್ಲ. ಅಷ್ಟು ವರ್ಷ ಹೊರೆ ಹೊತ್ತ ಬೀಟಾ ಕೋಶಗಳು ಮತ್ತೆ ಏಳುವುದು ಕಷ್ಟ. ಡೈರೆಕ್ಟ್ ಅಧ್ಯಯನದಲ್ಲೂ ಯಕೃತ್ತಿನ ಕೊಬ್ಬು ಬಹುತೇಕ ಎಲ್ಲರಲ್ಲೂ ಕರಗಿತ್ತು. ಆದರೆ ಇನ್ಸುಲಿನ್ನಿನ ಮೊದಲ ಅಲೆ ಮರಳಿದ್ದು ಉಪಶಮನ ಪಡೆದವರಲ್ಲಿ ಮಾತ್ರ, ಮತ್ತು ಅವರ ಕಾಯಿಲೆಗೆ ಸರಾಸರಿ 2.7 ವರ್ಷವಾಗಿದ್ದರೆ, ಪಡೆಯದವರದಕ್ಕೆ 3.8 ವರ್ಷವಾಗಿತ್ತು. ಅಂತರ ಒಂದು ವರ್ಷ ಚಿಲ್ಲರೆ.

ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಅದರ ಹೊಸ್ತಿಲಲ್ಲಿ ಇನ್ನೂ 13.6 ಕೋಟಿ ಜನ ಎಂದು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ತಿಳಿಸಿತು. ಇದನ್ನು ಓದುತ್ತಿರುವ ನಿಮಗೋ ನಿಮ್ಮ ಮನೆಯವರಿಗೋ ಇತ್ತೀಚೆಗಷ್ಟೇ ಕಾಯಿಲೆ ಪತ್ತೆಯಾಗಿದ್ದರೆ, ವೈದ್ಯರು ಮಾತ್ರೆ ಬರೆದುಕೊಡುವಾಗ ಇನ್ನೊಂದು ಮಾತನ್ನೂ ಕೇಳಿ: "ಡಾಕ್ಟ್ರೇ, ನಿಮ್ಮ ಉಸ್ತುವಾರಿಯಲ್ಲಿ ಊಟ ಇಳಿಸಿ, ಹತ್ತು ಹದಿನೈದು ಕೆಜಿ ಕಡಿಮೆ ಮಾಡಿ ನೋಡಬಹುದೇ?" ಮುಂದಿನ ವರ್ಷಕ್ಕೆ ಬಿಡಬೇಡಿ, ಈ ಭೇಟಿಯಲ್ಲೇ ಕೇಳಿ.